ಎರಡು ಲಕ್ಷ ಚಿಲ್ಲರೆ ಕೊಡೋ ಮುಂಚೆ: ಸೋನಿ ಎ7 ಫೋರಾ, ಕ್ಯಾನನ್ ಆರ್6 ಮಾರ್ಕ್ ಟೂನಾ?

ನಮ್ಮ ಸಂಘಕ್ಕೆ ಹೊಸ ಕ್ಯಾಮೆರಾ ಬೇಕು ಅನ್ನೋ ಮಾತು ನಾವು ಕಾಲೇಜಿಗೆ ಸೇರೋ ಮುಂಚಿನದು. ಈ ವರ್ಷ ಅದಕ್ಕೆ ಕಾಲ ಕೂಡಿ ಬಂದಿದೆ. ಅರ್ಧ ದುಡ್ಡು ಕಾಲೇಜು ಕೊಡತ್ತೆ, ಉಳಿದರ್ಧ ಹಳೇ ವಿದ್ಯಾರ್ಥಿಗಳು ಹಾಕಿದ್ದಾರೆ. ಇಷ್ಟು ದೊಡ್ಡ ಮೊತ್ತ ಇನ್ನೊಂದು ಸಲ ಬೇಗ ಸಿಗಲ್ಲ. ಈಗ ತಗೊಂಡಿದ್ದನ್ನೇ ಮುಂದಿನ ಐದಾರು ಬ್ಯಾಚಿನವರು ಕುತ್ತಿಗೆಗೆ ಹಾಕ್ಕೊಂಡು ಓಡಾಡಬೇಕು. ಹೀಗಿರೋವಾಗ ವಾಟ್ಸ್ಯಾಪ್ ಗ್ರೂಪಲ್ಲಿ ಸೋನಿ ಪಕ್ಷ, ಕ್ಯಾನನ್ ಪಕ್ಷ ಅಂತ ಎರಡು ಪಂಗಡ ಆಗಿ, ಯೂಟ್ಯೂಬ್ ಲಿಂಕ್‌ಗಳ ಯುದ್ಧ ಶುರುವಾಯ್ತು. ಎಲ್ಲರ ವಾದ ಕೇಳಿ, ಸ್ವಲ್ಪ ಲೆಕ್ಕ ಹಾಕಿ ನೋಡಿದಾಗ ನಮಗೆ ತಿಳಿದಿದ್ದನ್ನ ಇಲ್ಲಿ ಬರೀತಿದ್ದೀವಿ. ಸ್ವಂತಕ್ಕೆ ಕ್ಯಾಮೆರಾ ತಗೋಬೇಕು ಅಂತಿರೋರಿಗೂ ಇದು ಉಪಯೋಗಕ್ಕೆ ಬರಬಹುದು.

ಕೊನೆಗೆ ಪಟ್ಟಿಯಲ್ಲಿ ಉಳಿದಿದ್ದು ಎರಡೇ. ಸೋನಿ ಎ7 ಫೋರ್ 2021ರ ಅಕ್ಟೋಬರ್‌ನಲ್ಲಿ ಬಂದಿದ್ದು, ಕ್ಯಾನನ್ ಆರ್6 ಮಾರ್ಕ್ ಟು 2022ರ ನವೆಂಬರ್‌ನಲ್ಲಿ. ಎರಡೂ ಭಾರತಕ್ಕೆ ಬಂದಾಗ ಬರೀ ಬಾಡಿಯ ಬೆಲೆಯೇ ಎರಡೂವರೆ ಲಕ್ಷದ ಹತ್ತಿರ ಇತ್ತು. ಸ್ವಲ್ಪ ಹಳೇ ಮಾಡೆಲ್ ಆಗಿರೋದ್ರಿಂದಲೇ ಅವು ನಮ್ಮ ಕೈಗೆ ಎಟುಕೋ ಹಾಗಿವೆ. ತೂಕ ಒಂದಕ್ಕೆ 658 ಗ್ರಾಂ, ಇನ್ನೊಂದಕ್ಕೆ 670. ವ್ಯೂಫೈಂಡರ್ ಎರಡರಲ್ಲೂ 36.8 ಲಕ್ಷ ಚುಕ್ಕೆಗಳದ್ದು. ಕಾಗದದ ಮೇಲೆ ಅಣ್ಣತಮ್ಮಂದಿರ ಹಾಗಿವೆ, ಅದಕ್ಕೇ ಜಗಳ ಜಾಸ್ತಿ.

ಫುಲ್‌ಫ್ರೇಮೇ ಯಾಕೆ ಅಂತ ಕೇಳೋರಿಗೆ ಒಂದು ಮಾತು. ಫುಲ್‌ಫ್ರೇಮ್ ಸೆನ್ಸರ್ ಅಂದ್ರೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಕಮ್ಮಿ ಬೆಲೆಯ ಕ್ಯಾಮೆರಾಗಳಲ್ಲಿರೋ ಎಪಿಎಸ್-ಸಿ ಸೆನ್ಸರ್‌ಗೆ ಹೋಲಿಸಿದ್ರೆ ವಿಸ್ತೀರ್ಣ ಎರಡು ಪಟ್ಟಿಗಿಂತ ಜಾಸ್ತಿ. ಬೆಳಕು ಫೋಟಾನ್‌ಗಳಾಗಿ ಬೀಳತ್ತೆ, ಮಳೆ ಹನಿ ಬಿದ್ದ ಹಾಗೆ ಅಡ್ಡಾದಿಡ್ಡಿಯಾಗಿ. ಒಂದು ಪಿಕ್ಸೆಲ್‌ಗೆ 2,500 ಫೋಟಾನ್ ಬಿದ್ರೆ ಅದರ ಏರಿಳಿತ 2,500ರ ವರ್ಗಮೂಲ, ಅಂದ್ರೆ 50. ಸಿಗ್ನಲ್ಲಿಗೂ ನಾಯ್ಸ್‌ಗೂ ಇರೋ ಅನುಪಾತ 50. ಅದೇ 10,000 ಫೋಟಾನ್ ಬಿದ್ರೆ ಅನುಪಾತ 100. ಆಡಿಟೋರಿಯಂ ಕತ್ತಲಲ್ಲಿ ಫೋಟೋ ಯಾಕೆ ಮರಳು ಚೆಲ್ಲಿದ ಹಾಗೆ ಬರತ್ತೆ ಅನ್ನೋದಕ್ಕೆ ಮುಖ್ಯ ಕಾರಣ ಇದೇ. ಇದಕ್ಕೆ ಔಷಧ ಎರಡೇ: ದೊಡ್ಡ ಸೆನ್ಸರ್ ಅಥವಾ ದೊಡ್ಡ ಬಾಯಿಯ ಲೆನ್ಸ್. ನಮ್ಮ ಎರಡೂ ಕ್ಯಾಮೆರಾದ ಸೆನ್ಸರ್ ಒಂದೇ ಅಳತೆ ಆಗಿರೋದ್ರಿಂದ, ಒಂದೇ ಗಾತ್ರಕ್ಕೆ ಇಳಿಸಿ ನೋಡಿದ್ರೆ ಕತ್ತಲ ಫೋಟೋಗಳಲ್ಲಿ ವ್ಯತ್ಯಾಸ ಹುಡುಕೋದು ಕಷ್ಟ. ಇಲ್ಲಿ ಗೆಲುವು ಸೋಲು ಎರಡೂ ಇಲ್ಲ.

ಮೆಗಾಪಿಕ್ಸೆಲ್ ವಿಷಯ ಬೇಗ ಮುಗಿಸೋಣ. ಸೋನಿ 33, ಕ್ಯಾನನ್ 24. ಕೇಳೋಕೆ ಭಾರೀ ಅಂತರ. ಆದರೆ ಅಗಲದ ಲೆಕ್ಕದಲ್ಲಿ 7008 ಪಿಕ್ಸೆಲ್‌ಗೆ 6000, ಅಂದ್ರೆ ಶೇಕಡಾ 17ರಷ್ಟೇ ಹೆಚ್ಚು. ಎ4 ಹಾಳೆಯಲ್ಲಿ ಇಂಚಿಗೆ 300 ಚುಕ್ಕೆಯಂತೆ ಪ್ರಿಂಟ್ ಹಾಕ್ಸೋಕೆ 3508 ಸಲ 2480 ಪಿಕ್ಸೆಲ್ ಬೇಕು, ಒಟ್ಟು 9 ಮೆಗಾಪಿಕ್ಸೆಲ್ ಕೂಡ ಆಗಲ್ಲ. ಕೊನೇ ಸಾಲಲ್ಲಿ ನಿಂತು ತೆಗೆದು ಆಮೇಲೆ ಕತ್ತರಿಸೋರಿಗೆ ಸೋನಿಯ ಹೆಚ್ಚುವರಿ ಪಿಕ್ಸೆಲ್ ಕೆಲಸಕ್ಕೆ ಬರತ್ತೆ. ನಮ್ಮ ಫೋಟೋಗಳು ಹೋಗೋದು ಇನ್‌ಸ್ಟಾಗ್ರಾಂಗೆ ಮತ್ತು ಈ ಪತ್ರಿಕೆಗೆ.

ನಮಗೆ ನಿಜವಾಗಿ ಮುಖ್ಯ ಅನ್ನಿಸಿದ್ದು ಶೋರೂಮಿನ ಬೋರ್ಡ್ ಮೇಲೆ ಬರೆಯದೇ ಇರೋ ಒಂದು ಸಂಖ್ಯೆ: ಸೆನ್ಸರನ್ನ ಮೇಲಿಂದ ಕೆಳಗೆ ಓದೋಕೆ ಎಷ್ಟು ಹೊತ್ತು ಬೇಕು ಅನ್ನೋದು.

ಇಂಟರ್ನಲ್ಸ್ ನೆನಪು ಮಾಡ್ಕೊಳ್ಳಿ. ಇನ್ವಿಜಿಲೇಟರ್ ಪ್ರಶ್ನೆಪತ್ರಿಕೆ ಕೊಡೋದು ಮೊದಲ ಬೆಂಚಿನಿಂದ, ಉತ್ತರಪತ್ರಿಕೆ ಕಿತ್ಕೊಳ್ಳೋದೂ ಮೊದಲ ಬೆಂಚಿನಿಂದಲೇ. ಎಲ್ಲರಿಗೂ ಸಮಯ ಒಂದೇ, ಆದರೆ ಕೊನೇ ಬೆಂಚಿನವರು ಬರೆದಿದ್ದು ಸ್ವಲ್ಪ ತಡವಾದ ಒಂದು ಗಂಟೆಯಲ್ಲಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಕೂಡ ಹೀಗೇ ಸಾಲು ಸಾಲಾಗಿ ಓದತ್ತೆ. ಪೂರ್ತಿ ಓದೋಕೆ ಸೋನಿಗೆ ಸುಮಾರು 1/15 ಸೆಕೆಂಡ್ ಬೇಕು, ಅಂದ್ರೆ 67 ಮಿಲಿಸೆಕೆಂಡ್. ಕ್ಯಾನನ್‌ಗೆ 15 ಮಿಲಿಸೆಕೆಂಡ್‌ನ ಆಸುಪಾಸು. ನಾಲ್ಕು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ.

ಇದರಿಂದ ಏನಾಗತ್ತೆ? ರಾಜ್ಯೋತ್ಸವದ ಡೊಳ್ಳು ಕುಣಿತ ತಗೊಳ್ಳಿ. ಕೋಲು ಡೊಳ್ಳಿಗೆ ಬೀಳೋ ವೇಗ ಸೆಕೆಂಡಿಗೆ 5 ಮೀಟರ್ ಅಂತ ಇಟ್ಕೊಳ್ಳೋಣ. ಸೋನಿ ಫ್ರೇಮ್ ಪೂರ್ತಿ ಓದಿ ಮುಗಿಸೋಷ್ಟರಲ್ಲಿ ಕೋಲು 33 ಸೆಂಟಿಮೀಟರ್ ಚಲಿಸಿರತ್ತೆ, ಕ್ಯಾನನ್‌ನಲ್ಲಿ 7 ಸೆಂಟಿಮೀಟರ್ ಅಷ್ಟು. ಕೋಲು ಫ್ರೇಮಿನ ಕಾಲು ಭಾಗ ಎತ್ತರದಲ್ಲಿದೆ ಅಂದ್ರೂ ಸೋನಿಯಲ್ಲಿ ಅದರ ತುದಿಗೂ ಬುಡಕ್ಕೂ 8 ಸೆಂಟಿಮೀಟರ್ ವ್ಯತ್ಯಾಸ. ನೇರವಾಗಿರೋ ಕೋಲು ಬಾಳೆ ದಿಂಡಿನ ಹಾಗೆ ಬಾಗಿ ಕಾಣತ್ತೆ. ಶಟರ್ ಸ್ಪೀಡ್ 1/2000 ಇಟ್ರೂ ಇದು ಹೋಗಲ್ಲ. ಅದು ಪ್ರತಿ ಸಾಲು ಎಷ್ಟು ಹೊತ್ತು ಬೆಳಕು ನೋಡತ್ತೆ ಅಂತ ಹೇಳತ್ತೆ, ಸಾಲುಗಳ ನಡುವಿನ ಅಂತರ ಅಲ್ಲ.

ಎರಡನೇ ತೊಂದರೆ ದೀಪಗಳದು. ನಮ್ಮಲ್ಲಿ ಕರೆಂಟ್ 50 ಹರ್ಟ್ಜ್, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗ್ತವೆ, 10 ಮಿಲಿಸೆಕೆಂಡಿಗೊಂದು ಸಲ. 67 ಮಿಲಿಸೆಕೆಂಡ್ ಓದಿನಲ್ಲಿ ಆರೇಳು ಸಲ. ಶಟರ್ ಸ್ಪೀಡ್ ಜಾಸ್ತಿ ಇದ್ರೆ ಫೋಟೋದಲ್ಲಿ ಅಷ್ಟೇ ಪಟ್ಟೆಗಳು ಬರ್ತವೆ, ಹೀರೋಯಿನ್ ಮುಖಕ್ಕೆ ಇಳಕಲ್ ಸೀರೆ ಉಡಿಸಿದ ಹಾಗೆ. ಕ್ಯಾನನ್‌ನಲ್ಲೂ ಬರತ್ತೆ, ಆದರೆ ಒಂದೋ ಎರಡೋ. ಪರಿಹಾರ ಗೊತ್ತಿದ್ರೆ ಎರಡರಲ್ಲೂ ಬಚಾವಾಗಬಹುದು: ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, ಫ್ಲಿಕರ್ ತಡೆಯೋ ಸೆಟ್ಟಿಂಗ್ ಆನ್ ಮಾಡಿ, ಇಲ್ಲಾಂದ್ರೆ 1/100ರಲ್ಲಿ ತೆಗೀರಿ, ಆಗ ಪ್ರತಿ ಸಾಲೂ ಮಿನುಗಿನ ಒಂದು ಪೂರ್ತಿ ಸುತ್ತನ್ನ ನೋಡಿರತ್ತೆ. ಸ್ಟೇಜ್ ಹಿಂದಿನ ಎಲ್‌ಇಡಿ ಪರದೆಯ ಮಿನುಗು ಬೇರೆ ವೇಗದ್ದು, ಅದಕ್ಕೆ ಈ ಲೆಕ್ಕ ನಡೆಯಲ್ಲ.

ಮೆಕ್ಯಾನಿಕಲ್ ಶಟರಲ್ಲೇ ತೆಗೆದ್ರೆ ಆಯ್ತಲ್ಲ ಅಂತ ಸೋನಿ ಪಕ್ಷದವರು ಕೇಳ್ತಾರೆ. ಡೊಳ್ಳಿಗೆ ಸರಿ, ಆ ಸದ್ದಲ್ಲಿ ಶಟರ್ ಯಾರಿಗೂ ಕೇಳಲ್ಲ. ನಾಟಕದ ಮೌನದ ದೃಶ್ಯದಲ್ಲಿ, ಭಾವಗೀತೆ ಕಾರ್ಯಕ್ರಮದಲ್ಲಿ ಮುಂದಿನ ಸಾಲಿಂದ ಟಕಟಕಟಕ ಅಂತ ಸೆಕೆಂಡಿಗೆ ಹತ್ತು ಸಲ ಕೇಳಿದ್ರೆ ಎಚ್‌ಓಡಿ ಮೇಡಂ ತಿರುಗಿ ನೋಡೇ ನೋಡ್ತಾರೆ. ಇನ್ನೊಂದು ವಿಷಯ: ಸೋನಿಯ ಸೆಕೆಂಡಿಗೆ 10 ಫೋಟೋ ಅನ್ನೋ ವೇಗ ಸಿಗೋದು ರಾ ಫೈಲನ್ನ ಗುಣಮಟ್ಟ ಸ್ವಲ್ಪ ಬಿಟ್ಟುಕೊಟ್ಟು ಕುಗ್ಗಿಸಿದಾಗ ಮಾತ್ರ. ಹಾಗೆ ಮಾಡದಿದ್ರೆ ಆರಕ್ಕೆ ಇಳಿಯತ್ತೆ. ಕ್ಯಾನನ್ ಮೆಕ್ಯಾನಿಕಲ್‌ನಲ್ಲಿ 12, ಎಲೆಕ್ಟ್ರಾನಿಕ್‌ನಲ್ಲಿ 40. ಆದರೆ ಆ 40ಕ್ಕೂ ಬೆಲೆ ಇದೆ. ರಾ ಫೈಲ್ 14 ಬಿಟ್‌ನಿಂದ 12 ಬಿಟ್‌ಗೆ ಇಳಿಯತ್ತೆ, ಕತ್ತಲ ಭಾಗವನ್ನ ಎಡಿಟ್ ಮಾಡಿ ಮೇಲೆತ್ತಿದ್ರೆ ಗಲೀಜು ಕಾಣತ್ತೆ. ಮೂರು ನಿಮಿಷದ ಡ್ಯಾನ್ಸಿಗೆ ನಾಲ್ಕು ಸಾವಿರ ಫೋಟೋ ತಂದು ಹಾಕಿದ್ರೆ ಆರಿಸೋರು ಯಾರು ಅನ್ನೋ ಪ್ರಶ್ನೆ ಬೇರೆ ಇದೆ.

ವಿಡಿಯೋದಲ್ಲೂ ಇದೇ ಕಥೆ ಮುಂದುವರಿಯತ್ತೆ. 4ಕೆ, ಸೆಕೆಂಡಿಗೆ 30 ಫ್ರೇಮ್ ಆದ್ರೆ ಎರಡೂ ಸೆನ್ಸರಿನ ಪೂರ್ತಿ ಅಗಲ ಬಳಸ್ತವೆ, ಎರಡೂ ಚೆಂದ. 60 ಫ್ರೇಮ್ ಕೇಳಿದ ತಕ್ಷಣ ಸೋನಿ ನಡುವಿನ ಭಾಗಕ್ಕೆ ಕುಗ್ಗತ್ತೆ, 1.5 ಪಟ್ಟು ಕ್ರಾಪ್. ನಿಮ್ಮ 24 ಎಂಎಂ ಲೆನ್ಸ್ 36 ಆಗತ್ತೆ, ಸ್ಟೇಜಿನ ಎರಡು ತುದಿಯ ಇಬ್ಬರು ಕುಣಿಯೋರು ಫ್ರೇಮಿಂದ ಹೊರಗೆ. ಕ್ಯಾನನ್ 60ರಲ್ಲೂ ಪೂರ್ತಿ ಅಗಲ ಉಳಿಸಿಕೊಳ್ಳತ್ತೆ.

ಇಲ್ಲಿವರೆಗೆ ಓದಿದ್ರೆ ಕ್ಯಾನನ್ ಗೆದ್ದಾಯ್ತು ಅನ್ನಿಸಬಹುದು. ಆದರೆ ಬಾಡಿ ಮಾತ್ರ ಇಟ್ಕೊಂಡು ಫೋಟೋ ತೆಗೆಯೋಕಾಗಲ್ಲ. ಲೆನ್ಸ್ ಅನ್ನೋ ಅಧ್ಯಾಯದಲ್ಲಿ ಸೋನಿ ಪಕ್ಷದ ಹತ್ತಿರ ಗಟ್ಟಿ ವಾದ ಇದೆ. ಸೋನಿಯ ಇ-ಮೌಂಟ್ ಬಂದಿದ್ದು 2010ರಲ್ಲಿ. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳು ಅದಕ್ಕೆ ಬೇಕಾದಷ್ಟು ಫುಲ್‌ಫ್ರೇಮ್ ಲೆನ್ಸ್ ಮಾಡಿವೆ. ಟ್ಯಾಮ್ರಾನ್ 28–75 ಎಫ್/2.8, ಸಿಗ್ಮಾ 24–70 ಎಫ್/2.8 ಇಂಥವು ಸೋನಿಯ ಸ್ವಂತ ಜಿ-ಮಾಸ್ಟರ್‌ಗಿಂತ ತುಂಬಾ ಕಮ್ಮಿ ಬೆಲೆಗೆ ಸಿಗ್ತವೆ, ಸೆಕೆಂಡ್ ಹ್ಯಾಂಡಲ್ಲೂ ಸಿಗ್ತವೆ. ಕ್ಯಾನನ್‌ನ ಆರ್‌ಎಫ್ ಮೌಂಟ್ 2018ರದ್ದು, ಅದರ ಬಾಗಿಲನ್ನ ಕಂಪನಿ ಬಿಗಿಯಾಗಿ ಹಾಕ್ಕೊಂಡಿತ್ತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗೆ ಬಿಟ್ಟುಕೊಟ್ಟಿದ್ದು ಎಪಿಎಸ್-ಸಿ ಲೆನ್ಸ್‌ಗಳನ್ನ ಮಾತ್ರ. ಕ್ಯಾನನ್‌ನ ಎಲ್ ಸರಣಿಯ 24–70 ಎಫ್/2.8 ತಗೊಳ್ಳೋಕೆ ಹೋದ್ರೆ ಇನ್ನೊಂದು ಬಾಡಿಯಷ್ಟೇ ದುಡ್ಡು. 2024ರಲ್ಲಿ ಬಂದ 28–70 ಎಫ್/2.8 ಎಸ್‌ಟಿಎಂ ಅದಕ್ಕಿಂತ ಅಗ್ಗ, ಅದೊಂದು ಸಮಾಧಾನ. ಎಫ್/4ರಿಂದ ಎಫ್/2.8ಕ್ಕೆ ಬಂದ್ರೆ ಬೆಳಕು ಎರಡು ಪಟ್ಟು ಅನ್ನೋದು ನೆನಪಿರಲಿ. ಮೇಲಿನ ವರ್ಗಮೂಲದ ಲೆಕ್ಕದಲ್ಲಿ ಇದೊಂದೇ ಬದಲಾವಣೆ ಎರಡು ಬಾಡಿಗಳ ನಡುವಿನ ವ್ಯತ್ಯಾಸವನ್ನ ನುಂಗಿ ಹಾಕತ್ತೆ.

ಹಾಗಾದ್ರೆ ಸೋನಿನಾ? ಸಂಘದ ಬೀರು ತೆಗೆದು ನೋಡಿದ ಮೇಲೆ ಲೆಕ್ಕ ಮತ್ತೆ ತಿರುಗ್ತು. ಹಳೇ ಡಿಎಸ್‌ಎಲ್‌ಆರ್ ಜೊತೆಗಿನ ಕ್ಯಾನನ್ ಇಎಫ್ ಲೆನ್ಸ್‌ಗಳು ಅಲ್ಲಿವೆ: 50 ಎಂಎಂ ಎಫ್/1.8, 85 ಎಂಎಂ ಎಫ್/1.8, ಮತ್ತೊಂದು 18–135. ಇಎಫ್ ಮೌಂಟ್‌ನಲ್ಲಿ ಲೆನ್ಸಿನ ಬುಡದಿಂದ ಸೆನ್ಸರ್‌ಗೆ 44 ಮಿ.ಮೀ. ದೂರ, ಆರ್‌ಎಫ್‌ನಲ್ಲಿ 20. ಉಳಿಯೋ 24 ಮಿ.ಮೀ. ಜಾಗಕ್ಕೆ ಒಂದು ಅಡಾಪ್ಟರ್ ಬಳೆ ಹಾಕಿದ್ರೆ ಸಾಕು. ಅದರೊಳಗೆ ಗಾಜೇ ಇಲ್ಲ, ಬರೀ ಗಾಳಿ ಮತ್ತು ವಿದ್ಯುತ್ ಸಂಪರ್ಕ. ಹಾಗಾಗಿ ಚಿತ್ರದ ಗುಣಮಟ್ಟ ಕೆಡಲ್ಲ, ಆಟೋಫೋಕಸ್ ಪೂರ್ತಿ ಕೆಲಸ ಮಾಡತ್ತೆ. ಸೋನಿಗೂ ಇಂಥ ಅಡಾಪ್ಟರ್ ಇವೆ, ಆದರೆ ಬೇರೆ ಕಂಪನಿಯವು, ಫೋಕಸ್ ಅಷ್ಟು ನಂಬೋ ಹಾಗಿಲ್ಲ. ಎಫ್/1.8 ಅಂದ್ರೆ ಎಫ್/2.8ಕ್ಕಿಂತ ಎರಡೂವರೆ ಪಟ್ಟು ಬೆಳಕು, ಅದು ಬೀರುವಲ್ಲಿ ಬಿಟ್ಟಿಯಾಗಿ ಕೂತಿದೆ. 18–135 ಮಾತ್ರ ಚಿಕ್ಕ ಸೆನ್ಸರಿನ ಲೆನ್ಸ್. ಹಾಕಿದ್ರೆ ಕ್ಯಾಮೆರಾ ತಾನೇ ಕ್ರಾಪ್ ಮಾಡಿ 9 ಮೆಗಾಪಿಕ್ಸೆಲ್‌ಗೆ ಇಳಿಯತ್ತೆ. ಹಳೇ ಎಲ್‌ಪಿ-ಇ6ಎನ್ ಬ್ಯಾಟರಿಗಳೂ ಹೊಸ ಬಾಡಿಯಲ್ಲಿ ಕೂರ್ತವೆ, ಇದು ಖಜಾಂಚಿಗೆ ತುಂಬಾ ಇಷ್ಟ ಆದ ವಾಕ್ಯ.

ಹಾಗಾಗಿ ನಮ್ಮ ಮತ ಆರ್6 ಮಾರ್ಕ್ ಟೂಗೆ. ಆದರೆ ಈ ಬೀರು ನಿಮ್ಮ ಹತ್ತಿರ ಇಲ್ಲ, ಮೊದಲ ಲೆನ್ಸನ್ನೂ ಈಗಲೇ ತಗೋಬೇಕು, ರಜೆಯಲ್ಲಿ ಮದುವೆ ಫೋಟೋ ತೆಗೆದು ಸ್ವಲ್ಪ ಸಂಪಾದಿಸಬೇಕು ಅಂತಿದ್ರೆ, ಎ7 ಫೋರ್ ಜೊತೆ ಟ್ಯಾಮ್ರಾನ್ 28–75 ತಗೊಳ್ಳಿ ಅಂತಲೇ ನಾವು ಹೇಳೋದು. ಸ್ಟೆಬಿಲೈಸೇಶನ್ 8 ಸ್ಟಾಪ್, 5.5 ಸ್ಟಾಪ್ ಅನ್ನೋ ಜಾಹೀರಾತಿಗೆ ಮಾರುಹೋಗಬೇಡಿ. ಅದು ನಿಮ್ಮ ಕೈ ನಡುಕ ತಡೆಯತ್ತೆ, ಕುಣಿಯೋರನ್ನ ನಿಲ್ಲಿಸಲ್ಲ.

ಆರ್ಡರ್ ಹಾಕೋ ಮುಂಚೆ ಒಂದು ದಿನದ ಮಟ್ಟಿಗೆ ಎರಡನ್ನೂ ಬೆಂಗಳೂರಿಂದ ಬಾಡಿಗೆಗೆ ತರೋದು ಅಂತ ಆಗಿದೆ. ರಿಹರ್ಸಲ್ ದಿನ ಸಂಜೆ ಅದೇ ಆಡಿಟೋರಿಯಂ, ಅದೇ ದೀಪ, ಅದೇ ಡೊಳ್ಳು ತಂಡ. ಸೈಲೆಂಟ್ ಮೋಡ್‌ನಲ್ಲಿ ಕೋಲು ಎಷ್ಟು ಬಾಗತ್ತೆ ನೋಡಬೇಕು, ಎಲ್‌ಇಡಿ ಪರದೆ ಮುಂದೆ ಪಟ್ಟೆ ಎಣಿಸಬೇಕು, ಯಕ್ಷಗಾನದ ಬಣ್ಣ ಹಚ್ಚಿದ ಮುಖದಲ್ಲಿ ಕಣ್ಣಿನ ಫೋಕಸ್ ನಿಲ್ಲತ್ತಾ ಪರೀಕ್ಷಿಸಬೇಕು. ಕೈ ಚಿಕ್ಕದಿರೋರು, ದೊಡ್ಡದಿರೋರು ಇಬ್ಬರೂ ಎರಡು ಗಂಟೆ ಹಿಡ್ಕೊಂಡು ನೋಡಲಿ. ಪ್ರಥಮ ವರ್ಷದವರು ಕಡ್ಡಾಯವಾಗಿ ಬನ್ನಿ, ಈ ಕ್ಯಾಮೆರಾ ಹೆಚ್ಚು ದಿನ ಇರೋದು ನಿಮ್ಮ ಕೈಯಲ್ಲೇ. ಬರೋವಾಗ ನಿಮ್ಮದೇ ಎಸ್‌ಡಿ ಕಾರ್ಡ್ ತನ್ನಿ, ಎರಡೂ ಕ್ಯಾಮೆರಾಗೆ ಅದು ನಡೆಯತ್ತೆ.