ಹಕ್ಕಿಯ ನೋಟ, ಮನಸ್ಸಿಗೆ ಸಮಾಧಾನ

ದುಃಖವು ಹೊಸ್ತಿಲು ದಾಟಿ ಒಳಗೆ ಬಂದಾಗ ಮನುಷ್ಯನು ಕದವಿಕ್ಕಿಕೊಂಡು ಕುಳಿತುಬಿಡುವುದುಂಟು. 2021ರ ಕೊರೋನಾ ಹಾವಳಿಯಲ್ಲಿ ನಮ್ಮ ಹಿರಿಯಣ್ಣನವರು ಲಿಂಗೈಕ್ಯರಾದಾಗ ನಮ್ಮ ಮನೆಯ ಸ್ಥಿತಿಯೂ ಇದೇ ಆಗಿತ್ತು. ಬಂಧುಗಳು ಬರುವಂತಿರಲಿಲ್ಲ. ಪೂಜೆಗೆ ಕುಳಿತರೂ ಚಿತ್ತವು ಇಷ್ಟಲಿಂಗದಲ್ಲಿ ನೆಲೆಗೊಳ್ಳುತ್ತಿರಲಿಲ್ಲ.

ಅಂತಹ ಒಂದು ಮುಂಜಾವಿನಲ್ಲಿ ಹಿತ್ತಿಲ ನುಗ್ಗೆಮರದ ತುದಿಯಿಂದ ಮಡಿವಾಳ ಹಕ್ಕಿಯೊಂದು ಹಾಡತೊಡಗಿತು. ಕಪ್ಪು ಬಿಳುಪು ಮೈಯ ಆ ಪುಟ್ಟ ಜೀವಿಯು ಬಾಲವನ್ನೆತ್ತಿ, ಸ್ವರವನ್ನು ಬದಲಿಸಿ ಬದಲಿಸಿ ಹಾಡುತ್ತಲೇ ಇತ್ತು. ಅನೇಕ ದಿನಗಳ ತರುವಾಯ ನಾವು ನಮ್ಮ ಅಳಲನ್ನು ಮರೆತು ಇನ್ನೊಂದು ಜೀವವನ್ನು ಕಣ್ತುಂಬ ನೋಡಿದ್ದು ಅಂದೇ. ಅಂದಿನಿಂದ ಅದು ನಿತ್ಯದ ಅಭ್ಯಾಸವಾಯಿತು.

ಮರುವರ್ಷದ ಮಳೆಗಾಲದಲ್ಲಿ ಅಣ್ಣನವರ ಹಳೆಯ ಕ್ಯಾಮರಾವನ್ನು ತೆಗೆದುಕೊಂಡು ಶಿಕಾರಿಪುರದಿಂದ ಸೊರಬದ ಮಾರ್ಗವಾಗಿ ಗುಡವಿ ಪಕ್ಷಿಧಾಮಕ್ಕೆ ಹೋದೆವು. ಸೊರಬದಿಂದ ಸುಮಾರು 15 ಕಿ.ಮೀ. ದೂರದ ಈ ಕೆರೆಗೆ ಮಳೆ ಹಿಡಿದೊಡನೆ ಹಕ್ಕಿಗಳು ಬಂದು, ನೀರಿನ ನಡುವಣ ಮರಗಿಡಗಳಲ್ಲಿ ಗೂಡು ಕಟ್ಟುತ್ತವೆ. ಕಪ್ಪುತಲೆಯ, ಬಾಗಿದ ಕೊಕ್ಕಿನ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಿನಂತೆ ಕೊರಳೆತ್ತುವ ಹಾವಕ್ಕಿ, ಎಲ್ಲವೂ ಅಲ್ಲಿವೆ. ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ಹಾವಕ್ಕಿಯ ಗರಿಗಳು ತೊಯ್ದು ಭಾರವಾಗುತ್ತವೆ. ಆಗ ಅದು ಕೊಂಬೆಯೇರಿ ರೆಕ್ಕೆ ಹರಡಿ, ಒಣಗುವವರೆಗೂ ತಾಳ್ಮೆಯಿಂದ ಕುಳಿತಿರುತ್ತದೆ. ನಮಗೂ ಅಂದು ಅದೇ ಪಾಠ ಬೇಕಾಗಿತ್ತು.

ಈ ಸೀಮೆಯವರಿಗೆ ಹಕ್ಕಿಗಳೊಡನೆ ಮಾತನಾಡುವುದು ಹೊಸತೇನಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಜನಿಸಿದ 12ನೆಯ ಶತಮಾನದ ಅಕ್ಕಮಹಾದೇವಿಯು ತನ್ನ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಗಿಳಿ, ಕೋಗಿಲೆ, ನವಿಲುಗಳನ್ನೇ ವಿಚಾರಿಸಿದಳು. ಮನೆ ಮಾರುಗಳನ್ನು ತೊರೆದು ನಡೆದವಳಿಗೆ ಅವೇ ಬಂಧುಗಳಾದವು.

ಶಿವಮೊಗ್ಗದಲ್ಲಿ 1938ರಲ್ಲಿ ಜನಿಸಿದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಛಾಯಾಚಿತ್ರ ತೆಗೆದರು. ಕನ್ನಡಿಗರಿಗೆ 'ಹಕ್ಕಿಪುಕ್ಕ' ಎಂಬ ಪುಸ್ತಕವನ್ನಿತ್ತರು. ಕ್ಯಾಮರಾ ಹಿಡಿದವರಿಗೆ ಮೊದಲು ಬೇಕಾದುದು ಸಹನೆ. ಗೂಡಿನ ಬಳಿಗೆ ಹೋದರೆ ತಾಯಿಹಕ್ಕಿ ಹಾರಿಹೋಗುತ್ತದೆ. ಮೊಟ್ಟೆಮರಿಗಳು ಬಿಸಿಲಿಗೂ ಕಾಗೆಗಳಿಗೂ ಈಡಾಗುತ್ತವೆ. ಆದುದರಿಂದ ದೂರದಲ್ಲಿಯೇ ನಿಲ್ಲಬೇಕು. ಚಿತ್ರ ಸಿಕ್ಕದಿದ್ದರೂ ಚಿಂತೆಯಿಲ್ಲ, ಜೀವಕ್ಕೆ ಕುಂದಾಗಬಾರದು. ದಯೆಯೇ ಧರ್ಮದ ಮೂಲವೆಂದು ನಂಬಿದ ನಮಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆಯ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯು ಉಣುಗುಗಳಿಂದ ಹರಡುತ್ತದೆ. ಚಳಿಗಾಲದಿಂದ ಬೇಸಗೆಯವರೆಗೆ ಅದರ ಭಯ ಹೆಚ್ಚು. ಆ ದಿನಗಳಲ್ಲಿ ಕಾಡು ಹೊಗುವ ಸಾಹಸ ಬೇಡ. ಮನೆಯ ಹಿತ್ತಿಲು, ಊರ ಕೆರೆಯ ದಂಡೆ ಸಾಕು.

ಗುಡವಿಯಲ್ಲಿ ತೆಗೆದ ಹಾವಕ್ಕಿಯ ಚಿತ್ರವೊಂದು ಈಗ ನಮ್ಮ ಪಡಸಾಲೆಯಲ್ಲಿ ಅಣ್ಣನವರ ಭಾವಚಿತ್ರದ ಪಕ್ಕದಲ್ಲಿದೆ. ಚಿತ್ರವೇನೂ ಅಷ್ಟು ಸ್ಪಷ್ಟವಾಗಿಲ್ಲ. ಆದರೆ ಅತ್ತಿಗೆಯವರು ದಿನವೂ ಅದನ್ನು ನೋಡುತ್ತಾರೆ. ಬೆಳಗ್ಗೆ ಹಿತ್ತಿಲಿಗೆ ಒಂದು ತಟ್ಟೆ ನೀರಿಡುವುದನ್ನು ಮರೆಯುವುದಿಲ್ಲ. ಅಗಲಿದವರು ಮರಳಿ ಬರಲಾರರು. ಆದರೂ ನೋಡಲು, ಕೇಳಲು, ಕಾಯಲು ಇನ್ನೂ ಏನೋ ಉಳಿದಿದೆ ಎಂಬ ಅರಿವಿನಿಂದ ದಿನವು ಹಗುರಾಗುತ್ತದೆ. ದುಃಖದಲ್ಲಿರುವ ಸಹೋದರ ಸಹೋದರಿಯರು ನಾಳೆ ಬೆಳಗ್ಗೆ ಪೂಜೆ ಮುಗಿಸಿ ಐದು ನಿಮಿಷ ಹಿತ್ತಿಲಲ್ಲಿ ನಿಲ್ಲಲಿ ಎಂಬುದೇ ನಮ್ಮ ವಿನಂತಿ.