ಕಾನಿನ ಕೆಳಗಿನ ಕೆರೆ

ಸೊರಬ ತಾಲ್ಲೂಕಿನ ನಕ್ಷೆ ಬಿಡಿಸಿದರೆ ಮೊದಲು ಕಣ್ಣಿಗೆ ಬೀಳುವುದು ಕೆರೆಗಳು, ಒಂದರ ಕೆಳಗೊಂದು. ಫಿನ್‌ಲೆಂಡ್, ಕೆನಡಾಗಳ ಸರೋವರಗಳಲ್ಲಿ ಹೆಚ್ಚಿನವು ಹಿಮನದಿಗಳು ನೆಲವನ್ನು ಉಜ್ಜಿ ತೋಡಿದ ಕುಳಿಗಳು. ಇಲ್ಲಿ ಕಣಿವೆ ಕೊರೆದದ್ದು ಮಳೆನೀರಿನ ಹಳ್ಳ, ಅದಕ್ಕೆ ಅಡ್ಡಲಾಗಿ ಏರಿ ಹಾಕಿದ್ದು ರೈತ.

ಹಳ್ಳ ಹುಟ್ಟುವ ಬಗೆ ಸೋಜಿಗದ್ದು. ಈ ಸೀಮೆಯ ಗುಡ್ಡಗಳ ನೆತ್ತಿಯಲ್ಲಿ ಹಲವೆಡೆ ಜಂಬಿಟ್ಟಿಗೆಯ ಹೊದಿಕೆಯಿದೆ. ತೂತುತೂತಾದ ಆ ಕಲ್ಲಿನೊಳಗೆ ಮಳೆ ಸಲೀಸಾಗಿ ಇಳಿಯುತ್ತದೆ. ಅಡಿಯಲ್ಲಿ ನುಣುಪು ಜೇಡಿಮಣ್ಣು ಸಿಕ್ಕಿದೊಡನೆ ಇಳಿಯಲಾರದೆ ಅಡ್ಡಕ್ಕೆ ಸರಿದು, ಗುಡ್ಡದ ಮಗ್ಗುಲಲ್ಲಿ ಒರತೆಯಾಗಿ ಹೊರಬೀಳುತ್ತದೆ. ಒರತೆ ತನ್ನ ಬಾಯಿಯ ಮಣ್ಣನ್ನೇ ಕೊಚ್ಚುತ್ತದೆ, ಮೇಲಿನದು ಕುಸಿಯುತ್ತದೆ, ಅದನ್ನೂ ನೀರು ಒಯ್ಯುತ್ತದೆ. ಹೀಗೆ ನೀರು ಮುಂದಕ್ಕೆ ಹರಿದಷ್ಟೂ ಹಳ್ಳದ ತಲೆ ಗುಡ್ಡದೊಳಗೆ ಹಿಂದಕ್ಕೆ ಬೆಳೆಯುತ್ತದೆ.

ಮುಂದಿನದೆಲ್ಲ ಇಳಿಜಾರಿನ ಆಟ. ನೀರಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟು ಹೆಚ್ಚುತ್ತದೆ. ನೆರೆಯ ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ ಅರಬ್ಬೀ ಸಮುದ್ರಕ್ಕೆ ಧಾವಿಸುತ್ತದೆ. ಆದರೆ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದೆಗೆ ಅಂಥ ಅವಸರವಿಲ್ಲ. ಬನವಾಸಿಯನ್ನು ಮೂರು ಕಡೆಯಿಂದ ಬಳಸಿ, ಸೊರಬದ ದಂಡಾವತಿಯನ್ನು ಕೂಡಿಸಿಕೊಂಡು, ತುಂಗಭದ್ರೆಯ ಮೂಲಕ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ನಿಧಾನದ ನೀರು ಹೊತ್ತ ಮಣ್ಣನ್ನು ಇಳಿಸಲೇಬೇಕು. ನದಿಯ ಇಕ್ಕೆಲದ ಭತ್ತದ ಗದ್ದೆಗಳು ನಿಂತಿರುವುದು ಅಂಥ ಮಣ್ಣಿನ ಮೇಲೆ.

ಕೆರೆಯ ಹೂಳಿಗೂ ಇದೇ ಕಾರಣ. ಏರಿಗೆ ತಾಗಿ ನಿಂತ ನೀರು ಮಣ್ಣನ್ನು ತಳಕ್ಕೆ ಬಿಡುತ್ತದೆ, ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಸೇರುತ್ತದೆ. ಮೇಲಿನ ಕೆರೆ ತುಂಬಿ ಜೌಗಾದರೆ ಹೂಳಿನ ಸರದಿ ಕೆಳಗಿನದಕ್ಕೆ. ಹಾಗಾಗಿ ಕೆರೆ ಕಟ್ಟಿದರಷ್ಟೇ ಸಾಲದು, ಅದನ್ನು ಬದುಕಿಸಲೂ ಬೇಕು. ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬ ಕಾಕುಸ್ಥವರ್ಮ ಕೆರೆ ತೋಡಿಸಿದ್ದನ್ನು ಅಲ್ಲಿನ 5ನೇ ಶತಮಾನದ ಸ್ತಂಭ ಶಾಸನ ಹೇಳುತ್ತದೆ. ಈ ನಾಡಿನಲ್ಲಿ ಕೆರೆ ಕಟ್ಟಿ ಬದುಕಿಸುವ ವಿದ್ಯೆಗೆ ಅಷ್ಟು ವಯಸ್ಸಾಗಿದೆ.

ಆ ವಿದ್ಯೆಯ ಅರ್ಧ ಭಾಗ ಇರುವುದು ಏರಿಯಲ್ಲಲ್ಲ, ಕಾನಿನಲ್ಲಿ. ಊರವರು ದೇವರ ಹೆಸರಿನಲ್ಲಿ ಕಾಯ್ದುಕೊಂಡು ಬಂದ ದಟ್ಟ ನಿತ್ಯಹಸಿರು ಕಾಡುಗಳು ಈ ಕಾನುಗಳು. 1868ರಷ್ಟು ಹಿಂದೆಯೇ ಬ್ರಿಟಿಷ್ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳ ಕುರಿತೇ ಪ್ರತ್ಯೇಕ ವರದಿ ಬರೆದಿದ್ದರು. ಕಾನಿನ ತರಗೆಲೆ ಮಳೆಹನಿಯ ಹೊಡೆತ ತಡೆಯುತ್ತದೆ, ಬೇರುಗಳು ನೀರಿಗೆ ಇಳಿಯುವ ದಾರಿ ಮಾಡಿಕೊಡುತ್ತವೆ. ಕಾನು ಬೋಳಾದರೆ ಮಳೆಗಾಲದಲ್ಲಿ ಕೆಂಪು ನೀರು ಒಮ್ಮೆಲೇ ನುಗ್ಗುತ್ತದೆ, ಬೇಸಿಗೆಗೆ ಒರತೆ ಸೊರಗುತ್ತದೆ. ಮಳೆ ಎಷ್ಟು ಸುರಿಯಿತು ಎಂಬುದಕ್ಕಿಂತ ಎಷ್ಟು ಇಂಗಿತು ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ.

ಈಗ ಕೆರೆ ಅಭಿವೃದ್ಧಿಯೆಂದರೆ ಜೆಸಿಬಿ ತಂದು ಹೂಳೆತ್ತುವುದು ಎಂದಾಗಿದೆ. ಹೂಳೆತ್ತುವುದು ತಪ್ಪಲ್ಲ. ಆದರೆ ಮೇಲಿನ ಗುಡ್ಡ ಬೋಳಾಗಿದ್ದರೆ ಎತ್ತಿದ ಜಾಗಕ್ಕೆ ಮತ್ತೆ ಮಣ್ಣು ಬಂದೇ ಬರುತ್ತದೆ. ನಿಮ್ಮೂರಿನ ಕೆರೆಗೆ ಹಣ ಮಂಜೂರಾದಾಗ ಅದರಲ್ಲಿ ಒಂದು ಪಾಲನ್ನು ನೆತ್ತಿಯ ಕಾನಿಗೆ ಇಡುವಂತೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ.