ಪಿಕಳಾರ ಹಕ್ಕಿಯೂ ಕೊಡಗಿನ ಬೇಲಿಯೂ

ಕೊಡಗಿನಲ್ಲಿ ಮನೆಯ ಹಿತ್ತಲು, ಕಾಫಿತೋಟದ ಅಂಚು, ಗದ್ದೆಗೆ ಇಳಿಯುವ ಓಣಿ, ಇವುಗಳಲ್ಲಿ ಎಲ್ಲಿ ನಿಂತು ನೋಡಿದರೂ ಕಣ್ಣಿಗೆ ಬೀಳುವ ಹಕ್ಕಿಗಳ ಪೈಕಿ ಪಿಕಳಾರವೂ ಒಂದು. ಬೆಳಗಾಗುವುದೇ ತಡ, ಗಿಡದ ತುದಿಯಲ್ಲಿ ಕುಳಿತು ಮೂರು ನಾಲ್ಕು ಸ್ವರಗಳ ತನ್ನ ಕೂಗನ್ನು ಮತ್ತೆ ಮತ್ತೆ ಹೇಳುವ ಈ ಹಕ್ಕಿಯನ್ನು ಅರಿಯದವರು ವಿರಳ. ಆದರೆ ಇದರ ವಿಷಯದಲ್ಲಿ ಬೆಳೆಗಾರರ ಅಭಿಪ್ರಾಯವು ಒಂದೇ ಆಗಿಲ್ಲ. ಹಣ್ಣನ್ನು ಕದಿಯುವ ಕಳ್ಳನೆಂದು ಕೆಲವರು ಇದನ್ನು ಬೈಯುವರು. ಹುಳುಗಳನ್ನು ತಿಂದು ಪೈರನ್ನು ಕಾಯುವ ಮಿತ್ರನೆಂದು ಮತ್ತೆ ಕೆಲವರು ಹೊಗಳುವರು. ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿರುವುದು. ಹಕ್ಕಿಯು ಏನನ್ನು ತಿನ್ನುತ್ತದೆ ಎಂಬುದರಷ್ಟೇ, ತಿಂದುದರ ಬೀಜವನ್ನು ಎಲ್ಲಿ ಉದುರಿಸುತ್ತದೆ ಎಂಬುದನ್ನೂ ವಿಚಾರಿಸದೆ ತೀರ್ಪು ಕೊಡುವುದು ಸರಿಯಲ್ಲ.

ಮೊದಲು ಗುರುತು. ಪಿಕಳಾರವು ಸುಮಾರು 8 ಅಂಗುಲ ಉದ್ದದ ಹಕ್ಕಿ. ಬೆನ್ನು ಕಂದು, ಹೊಟ್ಟೆ ಬಿಳುಪು. ತಲೆಯ ಮೇಲೆ ಮುಂದಕ್ಕೆ ಬಾಗಿದಂತಿರುವ ಕಪ್ಪು ಜುಟ್ಟು. ಕಣ್ಣಿನ ಹಿಂದೆ ಸ್ವಲ್ಪ ಕೆಂಪು ಗರಿ, ಅದರ ಕೆಳಗೆ ಬಿಳಿಯ ಕೆನ್ನೆ; ಈ ಕೆಂಪಿನಿಂದಲೇ ಇದಕ್ಕೆ ಕೆಮ್ಮೀಸೆ ಪಿಕಳಾರವೆಂಬ ಹೆಸರು ಬಂದಿದೆ. ಬಾಲದ ಬುಡದಲ್ಲಿಯೂ ಕೆಂಪು ಇರುತ್ತದೆ. ಗಂಡು ಹೆಣ್ಣುಗಳಲ್ಲಿ ಭೇದವು ಕಾಣುವುದಿಲ್ಲ. ಮರಿಗಳಿಗೆ ಕೆನ್ನೆಯ ಕೆಂಪು ಇರುವುದಿಲ್ಲವಾದ ಕಾರಣ ಅವನ್ನು ಬೇರೆ ಜಾತಿಯೆಂದು ತಿಳಿಯುವುದುಂಟು. ಮರದ ನೆರಳಿನಲ್ಲಿ ದೊಡ್ಡ ಹಕ್ಕಿಯ ಕೆಂಪೂ ಸರಿಯಾಗಿ ಕಾಣದು. ಅಂತಹ ಸಮಯದಲ್ಲಿ ಜುಟ್ಟನ್ನೇ ನಂಬಬೇಕು. 1758 ರಲ್ಲಿ ಲಿನೇಯಸ್ ಪಂಡಿತನು ಇದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟಾಗ ‘ಜೊಕೋಸಸ್’, ಅಂದರೆ ವಿನೋದಶೀಲ, ಎಂಬ ವಿಶೇಷಣವನ್ನು ಆರಿಸಿಕೊಂಡನು. ಇದರ ಚಟುವಟಿಕೆಯನ್ನು ನೋಡಿದವರಿಗೆ ಆ ಹೆಸರು ಅತಿಶಯವೆಂದು ತೋರದು.

ಇದರ ದಾಯಾದಿಯೊಂದು ಕುಶಾಲನಗರದ ಕಡೆಯ ಒಣಸೀಮೆಯಲ್ಲಿ ಹೆಚ್ಚಾಗಿ ಕಾಣುತ್ತದೆ. ಅದರ ತಲೆ ಮಸಿಯಂತೆ ಕಪ್ಪು, ಮೈಮೇಲೆ ಮೀನಿನ ಹುರುಪೆಯಂತಹ ಗೆರೆಗಳು. ಹಾರುವಾಗ ಬಾಲದ ಮೇಲ್ಭಾಗದಲ್ಲಿ ಬಿಳುಪು ಎದ್ದು ತೋರುವುದು. ಕೆನ್ನೆಯಲ್ಲಿ ಕೆಂಪೂ ಬಿಳುಪೂ ಇಲ್ಲ. ಇವೆರಡೂ ಒಂದೇ ಮರಕ್ಕೆ ಬರುವುದೂ ಉಂಟು.

ಹಕ್ಕಿಯನ್ನು ಚೆನ್ನಾಗಿ ನೋಡಬೇಕೆಂಬ ಅಪೇಕ್ಷೆಯುಳ್ಳವರು ಅದರ ಹಿಂದೆ ತಿರುಗಬೇಕಾಗಿಲ್ಲ. ಹಣ್ಣಾದ ಅತ್ತಿ, ಬಸರಿ ಅಥವಾ ಗೋಳಿಯ ಮರದ ಕೆಳಗೆ ಸೂರ್ಯೋದಯವಾದ ಮೇಲೆ ಒಂದು ಗಂಟೆಯ ಕಾಲ ಸದ್ದಿಲ್ಲದೆ ಕುಳಿತರೆ ಸಾಕು. ಪಿಕಳಾರಗಳ ಸಂಗಡ ಕುಟ್ರು, ಹಸಿರು ಪಾರಿವಾಳ, ಗೊರವಂಕಗಳೂ ಅದೇ ಮರಕ್ಕೆ ಬರುವುವು. ಊರಿನ ದೇವರಕಾಡಿನ ಅಂಚಿನಲ್ಲಿ ಇಂತಹ ಮರವೊಂದು ಇಲ್ಲದಿರುವುದು ಅಪರೂಪ.

ಇನ್ನು ಆಹಾರ. ಪಿಕಳಾರವು ಮುಖ್ಯವಾಗಿ ಹಣ್ಣು ತಿನ್ನುವ ಹಕ್ಕಿ. ಕಾಡಿನ ಸಣ್ಣ ಹಣ್ಣುಗಳು, ಹಿಪ್ಪುನೇರಳೆ, ಬಿರಿದ ಪಪ್ಪಾಯಿ, ಮಾಗಿದ ಸೀಬೆ ಇವೆಲ್ಲ ಅದಕ್ಕೆ ಪ್ರಿಯ. ಕಾಫಿಗೆ ನೆರಳಾಗಿ ಬೆಳೆಸಿದ ಹಾಲುವಾಣವು ಹೂ ಬಿಟ್ಟಾಗ ಅದರ ಮಕರಂದವನ್ನೂ ಹೀರುತ್ತದೆ. ಹಿತ್ತಲಿನ ಸೂಜಿಮೆಣಸಿನ ಹಣ್ಣನ್ನು ಅನಾಯಾಸವಾಗಿ ನುಂಗುವುದನ್ನು ಕಂಡು ಮಕ್ಕಳು ಬೆರಗಾಗುವರು. ಹಕ್ಕಿಗಳ ನಾಲಿಗೆಗೆ ಮೆಣಸಿನಕಾಯಿಯ ಖಾರವು ತಾಗುವುದೇ ಇಲ್ಲ. ಖಾರವೆಂಬುದು ಬೀಜವನ್ನು ಅಗಿದು ಹಾಳುಮಾಡುವ ಇಲಿ ಮೊದಲಾದ ಪ್ರಾಣಿಗಳನ್ನು ದೂರವಿಡಲು ಪ್ರಕೃತಿಯು ಮಾಡಿದ ಏರ್ಪಾಡು.

ಹುಳುವನ್ನೂ ಇದು ತಿನ್ನುವುದು ನಿಜ, ಮುಖ್ಯವಾಗಿ ಮರಿಗಳಿಗಾಗಿ. ದಕ್ಷಿಣದೇಶದಲ್ಲಿ ಇದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಗೂಡು ಕಟ್ಟುವುದು. ಬೇಲಿಯ ಪೊದೆಯಲ್ಲಿ, ಕಾಫಿಯ ಗಿಡದಲ್ಲಿ, ಕೆಲವೊಮ್ಮೆ ಮನೆಯ ಜಗಲಿಯ ಬಳ್ಳಿಯಲ್ಲಿಯೇ ಬಟ್ಟಲಿನಾಕಾರದ ಗೂಡನ್ನು ಕಟ್ಟಿ 2 ಅಥವಾ 3 ಮೊಟ್ಟೆಗಳನ್ನಿಡುತ್ತದೆ. ಸುಮಾರು 12 ದಿನಗಳಿಗೆ ಮರಿಯಾಗುತ್ತವೆ. ಮೊದಲ ದಿನಗಳಲ್ಲಿ ಮರಿಗಳಿಗೆ ಕಂಬಳಿಹುಳು ಮುಂತಾದುವನ್ನು ತಾಯಿತಂದೆಗಳೆರಡೂ ತಂದುಣಿಸುವುವು. ಬೆಳೆದಂತೆಲ್ಲ ಹಣ್ಣಿನ ಪಾಲು ಹೆಚ್ಚುವುದು. ಆದರೆ ಕಾಫಿಯ ಕಾಯಿಕೊರಕವನ್ನು ಈ ಹಕ್ಕಿಯೇ ಅಡಗಿಸುವುದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಕೋಸ್ಟರೀಕಾ ದೇಶದಲ್ಲಿ ನಡೆದು 2013 ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ ಹಕ್ಕಿಗಳು ಈ ಪೀಡೆಯನ್ನು ಸುಮಾರು ಅರ್ಧಕ್ಕೆ ಇಳಿಸಿದುದು ಕಂಡುಬಂದಿತು. ಆದರೆ ಅಲ್ಲಿ ಆ ಕೆಲಸವನ್ನು ಮಾಡಿದುವು ಕೀಟವನ್ನೇ ಆಶ್ರಯಿಸಿದ ಬೇರೆ ಸಣ್ಣ ಹಕ್ಕಿಗಳು. ಆ ಕೀರ್ತಿಯನ್ನು ಪಿಕಳಾರದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ನಷ್ಟದ ಲೆಕ್ಕವಾದರೂ ದೊಡ್ಡದಲ್ಲ. ಕಿತ್ತಳೆಯ ಸಿಪ್ಪೆಯನ್ನು ಸೀಳುವುದಕ್ಕೆ ಇದರ ಸಣ್ಣ ಕೊಕ್ಕು ತಕ್ಕುದಲ್ಲ. ರಸ ಹೀರುವ ಪತಂಗವೋ ಬೇರೆ ಪ್ರಾಣಿಯೋ ಮೊದಲೇ ತೂತು ಮಾಡಿದ ಹಣ್ಣಿಗೆ ಇದು ಬಂದು ಬಾಯಿ ಹಾಕುವುದು ಸಾಮಾನ್ಯ. ಕರಿಮೆಣಸಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಕೆಂಪಗೆ ಮಾಗಿದ ಕಾಳು ಹಕ್ಕಿಗಳಿಗೆ ಇಷ್ಟ. ಗೊನೆಯಲ್ಲಿ ಒಂದೆರಡು ಕಾಳು ಕೆಂಪಾದ ಕೂಡಲೇ ಕೊಯ್ಯುವವನಿಗೆ ನಷ್ಟವು ಅತ್ಯಲ್ಪ. ಬಿಳಿಮೆಣಸಿಗೆಂದು ಪೂರ್ಣ ಮಾಗಲು ಬಿಟ್ಟವನು ಅವುಗಳ ಪಾಲನ್ನು ಬಿಟ್ಟುಕೊಡಲು ಸಿದ್ಧನಾಗಿರಬೇಕು.

ನಿಜವಾದ ವಿಷಯವಿರುವುದು ಬೇಲಿಯಲ್ಲಿ. ಹಣ್ಣನ್ನು ನುಂಗಿದ ಪಿಕಳಾರದ ಹೊಟ್ಟೆಯಲ್ಲಿ ಬೀಜವು ಬಹಳ ಹೊತ್ತು ನಿಲ್ಲುವುದಿಲ್ಲ. ತಿರುಳು ಜೀರ್ಣವಾಗಿ, ಬೀಜವು ಕೆಡದೆ, ಹಕ್ಕಿಯು ಮುಂದೆ ಕುಳಿತ ಕೊಂಬೆಯ ಕೆಳಗೆ ಬೀಳುವುದು. ಕೊಡಗಿನ ಪೂರ್ವಭಾಗದ ಬೇಲಿಸಾಲುಗಳಲ್ಲಿ ಯಾರೂ ನೆಡದ ಶ್ರೀಗಂಧದ ಸಸಿಗಳು ಏಳುವುದು ಹೀಗೆಯೇ. ಗಂಧದ ಗಿಡವು ಪಕ್ಕದ ಗಿಡಗಳ ಬೇರಿನಿಂದ ಆಹಾರವನ್ನು ಸೆಳೆದು ಬೆಳೆಯುವಂತಹುದು. ಪಿಕಳಾರ, ಕುಟ್ರು, ಕೋಗಿಲೆಗಳು ಬೀಜವನ್ನು ಪೊದೆಯ ಬುಡಕ್ಕೇ ಉದುರಿಸುವುದರಿಂದ ಅದಕ್ಕೆ ಬೇಕಾದ ನೆರೆಯು ತಾನಾಗಿ ಒದಗುವುದು. ಕೂಲಿಯಿಲ್ಲದ ಬಿತ್ತನೆಯಿದು.

ಆದರೆ ಅದೇ ಹೊಟ್ಟೆಯಲ್ಲಿ ಲಂಟಾನವೂ ಬರುತ್ತದೆ. ಅಮೆರಿಕ ಖಂಡದ ಈ ಮುಳ್ಳುಗಿಡವು 19 ನೆಯ ಶತಮಾನದ ಆದಿಭಾಗದಲ್ಲಿ ಹೂವಿನ ಚೆಲುವಿಗಾಗಿ ಹಿಂದೂದೇಶಕ್ಕೆ ಬಂದಿತು. ಕೊಡಗಿನ ಕಾಡುಗಳಲ್ಲಿ ಅದು ಎಷ್ಟರಮಟ್ಟಿಗೆ ಹಬ್ಬಿತೆಂದರೆ, 1916 ರಲ್ಲಿಯೇ ಟೈರ್ಮನ್ ಎಂಬ ಅರಣ್ಯಾಧಿಕಾರಿಯು ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಅದರ ವಿಷಯವಾಗಿ ಪ್ರತ್ಯೇಕ ಲೇಖನವನ್ನು ಬರೆಯಬೇಕಾಯಿತು. ಬಾಣೆಗಳಲ್ಲಿ ಹುಲ್ಲನ್ನು ಅಡಗಿಸಿ, ದನಗಳು ತಿಂದರೆ ವಿಷವಾಗಿ, ಬೇಸಗೆಯಲ್ಲಿ ಬೆಂಕಿಗೆ ಸೌದೆಯಾಗಿ ನಿಲ್ಲುವ ಗಿಡವಿದು. ಅದರ ಕರಿನೇರಳೆ ಬಣ್ಣದ ಹಣ್ಣು ಪಿಕಳಾರಕ್ಕೆ ಬಹು ರುಚಿ. ಕಣಿವೆಯ ಆಚೆ ಒಬ್ಬನು ಬಿಟ್ಟ ಲಂಟಾನವು ಈಚೆ ಕಷ್ಟಪಟ್ಟು ಕಿತ್ತವನ ತೋಟದಲ್ಲಿ ಮರುವರ್ಷ ಮೊಳೆಯುವುದಕ್ಕೆ ಕಾರಣವನ್ನು ಬೇರೆ ಹುಡುಕಬೇಕಾಗಿಲ್ಲ.

ಇದರಲ್ಲಿ ಹಕ್ಕಿಯ ತಪ್ಪೇನು? 1892 ರಲ್ಲಿ ಪಿಕಳಾರವನ್ನು ಮಾರಿಷಸ್ ದ್ವೀಪಕ್ಕೆ ಒಯ್ದರು. ಅಲ್ಲಿ ಆ ವೇಳೆಗಾಗಲೇ ಪರದೇಶದ ಕಳೆಗಳು ಬೇರೂರಿದ್ದುವು. ಅವುಗಳ ಬೀಜವನ್ನು ಕಾಡಿನೊಳಕ್ಕೆ ಹರಡುವ ಕೆಲಸದಲ್ಲಿ ಹಕ್ಕಿಯು ನೆರವಾಯಿತು. ಕೊಡಗಿನಲ್ಲಿ ಹಕ್ಕಿಯು ಸ್ವದೇಶದ್ದು, ಹೊರಗಿನಿಂದ ಬಂದುದು ಗಿಡ. ಎದುರಿಗಿರುವುದನ್ನು ತಿಂದು ಬಿತ್ತುವುದು ಅದರ ಸ್ವಭಾವ. ಎದುರಿಗೆ ಏನನ್ನಿಡಬೇಕೆಂಬುದು ಜಮೀನುದಾರನ ಕೈಯಲ್ಲಿದೆ. ನೆರಳಿನ ಮರಗಳನ್ನೆಲ್ಲ ಕಡಿದು ಸಿಲ್ವರ್ ಓಕ್ ಒಂದನ್ನೇ ನಿಲ್ಲಿಸಿದ ತೋಟದಲ್ಲಿ ಹಕ್ಕಿಗೆ ಹಣ್ಣೆಲ್ಲಿಯದು? ಅಂಚಿನ ಲಂಟಾನವೇ ಗತಿ. ಅತ್ತಿ, ಬಸರಿ, ನೇರಳೆಗಳನ್ನು ಉಳಿಸಿಕೊಂಡ ತೋಟದಲ್ಲಿ ಅದು ಅವನ್ನೂ ಬಿತ್ತುವುದು.

ತನ್ನ ತೋಟದಲ್ಲಿ ಹಕ್ಕಿಯು ಏನನ್ನು ಬಿತ್ತುತ್ತಿದೆ ಎಂದು ತಿಳಿಯಬೇಕಾದವರು ಸುಲಭವಾದ ಪರೀಕ್ಷೆಯೊಂದನ್ನು ಮಾಡಬಹುದು. ಅದು ನಿತ್ಯವೂ ಕುಳಿತುಕೊಳ್ಳುವ ಕೊಂಬೆಯ ಕೆಳಗೆ ಹಳೆಯ ಗೋಣಿಯೊಂದನ್ನು ಹಾಸಿ, ವಾರದ ಮೇಲೆ ಬಿದ್ದ ಹಿಕ್ಕೆಯನ್ನು ಜರಡಿಯಲ್ಲಿ ತೊಳೆದು, ಉಳಿದ ಬೀಜಗಳನ್ನು ಕುಂಡದಲ್ಲಿ ಬಿತ್ತಿ ಏಳುವ ಸಸಿಗಳನ್ನು ನೋಡತಕ್ಕದ್ದು. ಲಂಟಾನವೇ ಹೆಚ್ಚಾಗಿ ಎದ್ದರೆ, ಹಣ್ಣು ಬಿಟ್ಟ ಪೊದೆಯು ಸಮೀಪದಲ್ಲಿಯೇ ಇದೆಯೆಂದು ತಿಳಿಯಬೇಕು.

ಹಕ್ಕಿಯನ್ನು ಕವಣೆಯಿಂದ ಹೊಡೆಯುವುದೂ ಬಲೆಯಿಟ್ಟು ಹಿಡಿಯುವುದೂ 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಿಷಿದ್ಧ. ಸೀಬೆಯಂತಹ ಹಿತ್ತಲಿನ ಹಣ್ಣಿಗೆ ಕಾಯಿಯಿದ್ದಾಗಲೇ ಬಟ್ಟೆಯ ಚೀಲವನ್ನು ಕಟ್ಟಿದರೆ ಸಾಕು. ಲಂಟಾನವನ್ನು ಮಾತ್ರ ಮೇಲೆ ಸವರದೆ ಬುಡಸಮೇತ ಕೀಳಬೇಕು. ಸವರಿದರೆ ಇಮ್ಮಡಿಯಾಗಿ ಚಿಗುರುವುದು. ಜೂನ್ ತಿಂಗಳಿಂದ ಮಳೆಯು ಹಿಡಿದು ಮಣ್ಣು ಸಡಿಲವಾದಾಗ ಬೇರು ಸುಲಭವಾಗಿ ಬರುವುದು. ಮಳೆ ನಿಂತು ಹಣ್ಣಿನ ಸುಗ್ಗಿ ಬರುವುದಕ್ಕೆ ಮುಂಚೆಯೇ ಕೆಲಸವು ಮುಗಿಯುವುದು. ಪಿಕಳಾರದ ಗೂಡುಗಳೂ ಆ ವೇಳೆಗೆ ಬಹುಮಟ್ಟಿಗೆ ಬರಿದಾಗಿರುತ್ತವೆ. ಆದರೂ ಕತ್ತಿಯನ್ನು ಹಾಕುವ ಮುನ್ನ ಪೊದೆಯೊಳಗೆ ಒಮ್ಮೆ ಇಣಿಕಿ ನೋಡುವಂತೆ ಆಳುಗಳಿಗೆ ಹೇಳಿಡುವುದು ಒಳ್ಳೆಯದು. ತಡವಾಗಿ ಕಟ್ಟಿದ ಗೂಡು ಒಂದೆರಡು ಇರಬಹುದು.